ಇಂಜೆಕ್ಷನ್ ಜಾಗದಲ್ಲಿ ನೀಲಿ ಬಲೆ

ಸಿಸೇರಿಯನ್ ಆದ ಮಾರನೇ ದಿನ. ಹೊಲಿಗೆ ನೋಯುತ್ತಿದೆ ಅಂದ ಬಾಣಂತಿಗೆ ಕುಂಡಿಗೆ ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಡುತ್ತಾರೆ. ನಮ್ಮ ಆಸ್ಪತ್ರೆಗಳಲ್ಲಿ ಇದು ದಿನನಿತ್ಯದ ಕೆಲಸ. ಸ್ವಲ್ಪ ಹೊತ್ತಿಗೆ ನೋವು ಇಳಿಯುತ್ತದೆ, ಆಕೆ ಮಗುವಿಗೆ ಹಾಲು ಕುಡಿಸಲು ಎದ್ದು ಕೂರುತ್ತಾಳೆ.

ಬಹಳ ಅಪರೂಪಕ್ಕೆ ಹೀಗಾಗುವುದಿಲ್ಲ. ಔಷಧಿ ಒಳಗೆ ಹೋಗುತ್ತಿದ್ದಂತೆ ಆಕೆ ಉರಿ ತಡೆಯಲಾರದೆ ಚೀರುತ್ತಾಳೆ. ಸೂಜಿ ಚುಚ್ಚಿದ ಜಾಗ ಬಿಳಿಚಿಕೊಳ್ಳುತ್ತದೆ. ಆಮೇಲೆ ಅಲ್ಲಿ ನೀಲಿ ಬಲೆಯಂಥ ಗೆರೆಗಳು ಮೂಡುತ್ತವೆ. ಕೆಲವು ದಿನಗಳಲ್ಲಿ ಆ ಚರ್ಮ, ಕೆಲವೊಮ್ಮೆ ಅದರಡಿಯ ಕೊಬ್ಬು ಮತ್ತು ಸ್ನಾಯು ಕೂಡ, ಕಪ್ಪಾಗಿ ಸಾಯುತ್ತದೆ.

ಮನೆಯಲ್ಲಿ ಆಗ ಶುರುವಾಗುವ ಮಾತು ಗೊತ್ತಲ್ವಾ? ದೃಷ್ಟಿ ತಾಗಿದೆ. ಪಥ್ಯ ತಪ್ಪಿ ನಂಜಾಗಿದೆ. ಇದನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ. ನೋವು ತಿನ್ನುವವಳೂ ಅವಳೇ, ತಪ್ಪು ಹೊರುವವಳೂ ಅವಳೇ. ಆಕೆ ತಿಂದ ಊಟಕ್ಕೂ ಈ ಗಾಯಕ್ಕೂ ಯಾವ ಸಂಬಂಧವೂ ಇಲ್ಲ.

ಇದರ ಹೆಸರು ನಿಕೋಲೌ ಸಿಂಡ್ರೋಮ್. ಹೆಸರಿನ ಹಿಂದೆ ನೂರು ವರ್ಷದ ಕಥೆ ಇದೆ. ಪೆನಿಸಿಲಿನ್ ಇನ್ನೂ ಬಂದಿರದ ಕಾಲ. 1921ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳಾದ ಸಜೆರಾಕ್ ಮತ್ತು ಲೆವಾಡಿಟಿ, ಬಿಸ್ಮತ್ ಎಂಬ ಲೋಹದ ಲವಣಗಳು ಸಿಫಿಲಿಸ್ ಎಂಬ ಲೈಂಗಿಕ ರೋಗಕ್ಕೆ ಮದ್ದಾಗುತ್ತವೆ ಎಂದು ತೋರಿಸಿದರು. ಅದನ್ನು ಕುಂಡಿಗೆ ಚುಚ್ಚುತ್ತಿದ್ದರು. 1924ರಲ್ಲಿ ಫ್ರಾಯ್ಡೆನ್ಥಾಲ್ ಎಂಬ ವೈದ್ಯ, 1925ರಲ್ಲಿ ರೊಮೇನಿಯಾದ ಚರ್ಮವೈದ್ಯ ನಿಕೋಲೌ, ಚುಚ್ಚಿದ ಕಡೆ ಮೂಡುವ ಈ ನೀಲಿ ಬಲೆಯನ್ನು ದಾಖಲಿಸಿದರು. ಬಿಸ್ಮತ್ ಮರೆಗೆ ಸರಿಯಿತು. ಆದರೆ ಪೆನಿಸಿಲಿನ್, ಡೈಕ್ಲೋಫೆನಾಕ್‌ನಂಥ ಇಂಜೆಕ್ಷನ್‌ಗಳಲ್ಲೂ ಅದೇ ಬಲೆ ಕಾಣಿಸಿಕೊಂಡಿತು.

ಬಲೆಯೇ ಯಾಕೆ? ನನ್ನನ್ನು ಬಹಳ ಕಾಡಿದ ಪ್ರಶ್ನೆ ಇದು. ರಾತ್ರಿ ಬೀದಿ ದೀಪಗಳನ್ನು ನೆನಪಿಸಿಕೊಳ್ಳಿ. ಪ್ರತಿ ಕಂಬದ ಕೆಳಗೆ ಒಂದು ಬೆಳಕಿನ ವೃತ್ತ. ಎರಡು ವೃತ್ತಗಳ ನಡುವೆ ಮಸುಕು. ಕರೆಂಟು ಡಲ್ ಆದರೆ ವೃತ್ತಗಳು ಚಿಕ್ಕದಾಗಿ ನಡುವಿನ ಕತ್ತಲೆ ಅಗಲವಾಗುತ್ತದೆ. ಚರ್ಮವೂ ಹಾಗೇ. ಕೆಳಗಿನಿಂದ ಸಣ್ಣ ಸಣ್ಣ ರಕ್ತನಾಳಗಳು ಮೇಲೆದ್ದು, ಒಂದೊಂದೂ ತನ್ನ ಸುತ್ತಲಿನ ಜಾಗಕ್ಕೆ ರಕ್ತ ಕೊಡುತ್ತವೆ. ಹರಿವು ಕುಗ್ಗಿದಾಗ ವೃತ್ತಗಳ ಅಂಚಿನಲ್ಲಿ ರಕ್ತದ ಓಟ ನಿಧಾನವಾಗಿ, ಅಲ್ಲಿನ ಚರ್ಮ ನೀಲಿಯಾಗಿ ಕಾಣುತ್ತದೆ. ಆ ಅಂಚುಗಳು ಸೇರಿದರೆ ಬಲೆ.

ಹರಿವು ಕುಗ್ಗುವುದು ಯಾಕೆ? ತೋಟದ ಹನಿ ನೀರಾವರಿ ನೋಡಿದವರಿಗೆ ಇದು ಸುಲಭ. ಔಷಧಿ ಅಕಸ್ಮಾತ್ ಅಪಧಮನಿಯೊಳಗೋ ಅದರ ಪಕ್ಕದಲ್ಲೋ ಬಿದ್ದರೆ ಎರಡು ತೊಂದರೆ ಒಟ್ಟಿಗೆ ಆಗಬಹುದು. ಪೈಪಿನೊಳಗೆ ಕಸ ಸಿಕ್ಕಿದಂತೆ ನಾಳ ಕಟ್ಟಿಕೊಳ್ಳಬಹುದು. ಪೈಪನ್ನೇ ಯಾರೋ ಹಿಂಡಿದಂತೆ ನಾಳ ಬಿಗಿದುಕೊಳ್ಳಬಹುದು. ಡೈಕ್ಲೋಫೆನಾಕ್ ಎರಡನೆಯದನ್ನು ಇನ್ನೂ ಜಾಸ್ತಿ ಮಾಡಬಹುದು. ಅದು ಆಸ್ಪಿರಿನ್ ಜಾತಿಯ ಮದ್ದು. ಈ ಜಾತಿಯ ಮದ್ದುಗಳು, ನೋವು ಹೆಚ್ಚಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ದೇಹದಲ್ಲಿ ತಯಾರಾಗುವುದನ್ನು ತಡೆದೇ ನೋವು ಇಳಿಸುತ್ತವೆ ಎಂದು ಬ್ರಿಟನ್ನಿನ ಔಷಧ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಕೆಲವು ಪ್ರೊಸ್ಟಗ್ಲಾಂಡಿನ್‌ಗಳು ರಕ್ತನಾಳವನ್ನು ಸಡಿಲವಾಗಿಯೂ ಇಡುತ್ತವೆ. ನೋವಿನ ಸ್ವಿಚ್ ಆರಿಸುವ ಮದ್ದು, ಕಷ್ಟದಲ್ಲಿರುವ ನಾಳವನ್ನು ಬಿಚ್ಚುವ ಕೈಯನ್ನೂ ಕಟ್ಟಿಹಾಕುತ್ತದೆ.

ಸೂಜಿ ಎಲ್ಲಿ, ಎಷ್ಟು ಆಳಕ್ಕೆ ಹೋಗುತ್ತದೆ ಅನ್ನುವುದೂ ಮುಖ್ಯ. ಗರ್ಭಿಣಿಯಾಗಿದ್ದಾಗ ಸೊಂಟದ ಸುತ್ತ ಕೊಬ್ಬು ಕೂಡಿರುತ್ತದೆ. ಗಿಡ್ಡ ಸೂಜಿ ಸ್ನಾಯುವನ್ನು ಮುಟ್ಟದೆ ಕೊಬ್ಬಿನಲ್ಲೇ ನಿಲ್ಲಬಹುದು. ಅದಕ್ಕೇ ಸಾಕಷ್ಟು ಉದ್ದದ ಸೂಜಿ ಬೇಕು. ಕುಂಡಿಯ ಮೇಲ್ಭಾಗದ ಹೊರಮೂಲೆ ಅಥವಾ ಸೊಂಟದ ಪಕ್ಕೆಯ ಜಾಗ ಹಿಡಿಯಬೇಕು. ಕುಂಡಿಗೆ ಚುಚ್ಚಿದ ಮೇಲೆ ಪಿಸ್ಟನ್ ಸ್ವಲ್ಪ ಹಿಂದಕ್ಕೆಳೆದು ರಕ್ತ ಬರುತ್ತದೆಯೇ ಎಂದು ನೋಡಬೇಕು. ಇಷ್ಟೆಲ್ಲ ಮಾಡಿದರೂ ಒಮ್ಮೊಮ್ಮೆ ಆಗಿಬಿಡುತ್ತದೆ, ಹಾಗಾಗಿ ನರ್ಸಮ್ಮನನ್ನು ಸುಮ್ನೆ ದೂರುವುದೂ ಸರಿಯಲ್ಲ.

ಇದನ್ನು ಓದಿ ಹೆರಿಗೆಯಾದ ತಕ್ಷಣ ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್‌ಗೆ ಯಾರೂ ಬೇಡ ಅನ್ನಬಾರದು. ವಿಪರೀತ ರಕ್ತಸ್ರಾವದಿಂದ ತಾಯಿಯನ್ನು ಕಾಪಾಡುವುದು ಅದೇ. ನೋವಿನ ಮದ್ದಿನ ವಿಷಯ ಬೇರೆ. ನುಂಗುವ ಶಕ್ತಿ ಬಂದ ಮೇಲೆ ಮಾತ್ರೆ ಸಾಕಾಗುತ್ತದೆಯೇ ಎಂದು ಡಾಕ್ಟರನ್ನು ಕೇಳಬಹುದು.

ಇಂಜೆಕ್ಷನ್ ಕೊಟ್ಟ ಕಡೆ ಅಸಾಧ್ಯ ಉರಿ, ಬಿಳಿಚಿದ ಅಥವಾ ನೀಲಿಗಟ್ಟಿದ ಚರ್ಮ ಕಂಡರೆ ಆ ಗಳಿಗೆಯಲ್ಲೇ ಡಾಕ್ಟರಿಗೆ ತೋರಿಸಿ. ಐಸ್ ಇಡಬೇಡಿ. ತಣ್ಣಗಾದರೆ ನಾಳ ಇನ್ನಷ್ಟು ಬಿಗಿಯುತ್ತದೆ. ಬಾಣಂತಿಗೆ ಮಾಡುವ ಎಣ್ಣೆ ನೀವುವಿಕೆ, ಶಾಖ ಆ ಜಾಗಕ್ಕೆ ಬೇಡ. ನೋವು ಇಳಿಸಿ, ರಕ್ತದ ಹರಿವು ಸುಧಾರಿಸಲು ಡಾಕ್ಟರು ಮದ್ದು ಕೊಡಬಹುದು. ಸತ್ತ ಭಾಗವನ್ನು ಕತ್ತರಿಸಿ ತೆಗೆಯಬೇಕಾಗಬಹುದು. ಗಾಯ ಮಾಯಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅಷ್ಟು ದಿನ ಆಕೆ ಒಂದೇ ಮಗ್ಗುಲಲ್ಲಿ ಮಲಗಿ ಹಾಲು ಕುಡಿಸಬೇಕು, ಮಗುವನ್ನು ಎತ್ತಿ ಕೊಡಲು ಪಕ್ಕದಲ್ಲಿ ಒಬ್ಬರು ಇರಲೇಬೇಕು.