ಆರ್ಟೀಮಿಯಾ ಒಡೆಸುವಾಗ ಗಡಿಯಾರದ ಮೇಲೆ ಕಣ್ಣಿರಲಿ

ಆರ್ಟೀಮಿಯಾ ಎಂದರೆ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ. ಅದರ ಒಣ ಮೊಟ್ಟೆ ಒಡೆಸಿ, ಹೊರಬಂದ ಮರಿಗಳನ್ನು ಮರಿಮೀನುಗಳಿಗೆ ಉಣಿಸುತ್ತಾರೆ. ಅದನ್ನು ಹಾಕುತ್ತಿದ್ದರೂ ಮರಿಮೀನುಗಳು ಬೆಳೆಯುತ್ತಿಲ್ಲ ಎಂದಾಗ ಎಲ್ಲರೂ ಮೊದಲು ದೂರುವುದು ಮೊಟ್ಟೆಯ ಗುಣಮಟ್ಟವನ್ನು. ಬಹಳ ಸಲ ತಪ್ಪಿರುವುದು ಹೊತ್ತಿನಲ್ಲಿ. ಆಗಷ್ಟೇ ಒಡೆದ ಆರ್ಟೀಮಿಯಾ ಮರಿ ಏನನ್ನೂ ತಿನ್ನುವುದಿಲ್ಲ. ಮೈಯೊಳಗಿನ ಹಳದಿ ಸತ್ವವೇ ಅದರ ಆಹಾರ. 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 8ರಿಂದ 12 ಗಂಟೆಯಲ್ಲಿ ಅದು ಪೊರೆ ಕಳಚುತ್ತದೆ. ಅಷ್ಟರಲ್ಲಿ ಸತ್ವ ಕರಗಿ, ಮೈ ಬೆಳೆದು, ಈಜು ಚುರುಕಾಗಿರುತ್ತದೆ. ಆಮೇಲೆ ಮರಿಮೀನಿಗೆ ಅದನ್ನು ಹಿಡಿಯುವುದೂ ಕಷ್ಟ, ಹಿಡಿದರೂ ದಕ್ಕುವುದು ಕಡಿಮೆ.

ಒಡೆಸಲು ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿದ ಪ್ಲಾಸ್ಟಿಕ್ ಬಾಟಲಿ ಸಾಕು. ಒಂದು ಲೀಟರ್ ನೀರಿಗೆ 25 ಗ್ರಾಂ ಉಪ್ಪು, ಚಿಟಿಕೆ ಅಡುಗೆ ಸೋಡಾ, 1ರಿಂದ 2 ಗ್ರಾಂ ಮೊಟ್ಟೆ. ಸೋಡಾ ಹಾಕುವುದು ಪಿಎಚ್ 8ಕ್ಕಿಂತ ಕೆಳಗಿಳಿಯದಿರಲೆಂದು. ಗಾಳಿಯ ಕೊಳವೆ ತಳ ಮುಟ್ಟಬೇಕು, ಒಂದು ಮೊಟ್ಟೆಯೂ ಅಡಿಯಲ್ಲಿ ಕೂರಬಾರದು. ಕೊಳವೆಯ ತುದಿಗೆ ಹಾಕುವ ರಂಧ್ರಗಳ ಕಲ್ಲು, ಏರ್ ಸ್ಟೋನ್, ಬೇಡ. ಅದರ ಸಣ್ಣ ಗುಳ್ಳೆಗಳಿಂದ ನೊರೆಯೆದ್ದು ಮೊಟ್ಟೆಗಳು ಬಾಟಲಿಯ ಗೋಡೆಗೆ ಅಂಟುತ್ತವೆ, ಅಂಟಿದವು ಒಡೆಯುವುದಿಲ್ಲ. ಮೊದಲ ಕೆಲವು ಗಂಟೆ ಬೆಳಕು ಬೀಳಲೇಬೇಕು. 28 ಡಿಗ್ರಿಯಲ್ಲಿ 18ರಿಂದ 24 ಗಂಟೆಗೆ ಒಡೆಯುತ್ತವೆ. ನೀರು ತಣ್ಣಗಿದ್ದರೆ 36 ಗಂಟೆಯಾದರೂ ಹಿಡಿದೀತು, ಅದೂ ಹಿಂದುಮುಂದಾಗಿ. ಹೀಗೆ ಬೇರೆಬೇರೆ ವಯಸ್ಸಿನ ಮರಿಗಳು ಬೆರೆಯದಿರಲೆಂದೇ ನಾನು ಹೀಟರ್‌ಗೆ ಒತ್ತು ಕೊಡುವುದು.

ತೆಗೆಯುವಾಗ ಗಾಳಿ ನಿಲ್ಲಿಸಿ, ಬಾಟಲಿಯ ಮೇಲ್ಭಾಗವನ್ನು ಬಟ್ಟೆಯಿಂದ ಮುಚ್ಚಿ, ಕೆಳಗೆ ಟಾರ್ಚ್ ಹಿಡಿಯಿರಿ. ಖಾಲಿ ಚಿಪ್ಪುಗಳು ಕಂದು ಪದರವಾಗಿ ತೇಲುತ್ತವೆ, ಒಡೆಯದವು ತಳಕ್ಕಿಳಿಯುತ್ತವೆ, ಮರಿಗಳು ಬೆಳಕಿನತ್ತ ಬಂದು ಕಿತ್ತಳೆ ಮೋಡದಂತೆ ಗುಂಪುಗೂಡುತ್ತವೆ. ಹತ್ತು ನಿಮಿಷಕ್ಕಿಂತ ಹೆಚ್ಚು ಕಾಯಬೇಡಿ. ಅಷ್ಟು ದಟ್ಟಣೆಯಲ್ಲಿ ಆಮ್ಲಜನಕ ಬೇಗ ಮುಗಿದು ಸಾಯತೊಡಗುತ್ತವೆ. ಸಣ್ಣ ಕೊಳವೆಯಿಂದ ಆ ಗುಂಪನ್ನಷ್ಟೇ ಎಳೆದು, 120 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆಯಿರಿ. ಚಿಪ್ಪು ಬೆರೆತರೆ ಅಸಡ್ಡೆ ಮಾಡಬೇಡಿ. ಅದು ಜೀರ್ಣವಾಗುವುದಿಲ್ಲ, ಎಳೆಮರಿಯ ಕರುಳು ಕಟ್ಟಿಕೊಳ್ಳಬಹುದು.

ಒಂದೇ ಹೊತ್ತಿಗೆ ಖರ್ಚಾಗದಿದ್ದರೆ, ಮಿಕ್ಕ ಮರಿಗಳನ್ನು ಅದೇ ಸಾಂದ್ರತೆಯ ಉಪ್ಪುನೀರಿನಲ್ಲಿ, ಅಗಲ ಬಾಯಿಯ ಪಾತ್ರೆಯಲ್ಲಿ ತೆಳುವಾಗಿ ಹರಡಿ ಫ್ರಿಜ್‌ನಲ್ಲಿಡಿ. 4 ಡಿಗ್ರಿಯಲ್ಲಿ ಸತ್ವ ಕರಗುವುದು ಬಹಳ ನಿಧಾನ, ಒಂದು ದಿನ ತಾಳುತ್ತವೆ. ಒಣ ಮೊಟ್ಟೆಗಳಿಗೆ ತೇವವೇ ಶತ್ರು: ಗಾಳಿಯಾಡದ ಡಬ್ಬಿಯಲ್ಲಿ ತಂಪಾಗಿಡಿ, ಒದ್ದೆ ಚಮಚ ಹಾಕಬೇಡಿ.

ಗೌರಾಮಿ, ಬೆಟ್ಟಾ ಮೀನುಗಳ ಪುಟ್ಟ ಬಾಯಿಯ ಮರಿಗಳಿಗೆ ಮೊದಲ ಕೆಲವು ದಿನ ಆರ್ಟೀಮಿಯಾ ಮರಿಯೂ ದೊಡ್ಡದೇ. ಅವಕ್ಕೆ ಪ್ಯಾರಾಮೀಸಿಯಂ ಎಂಬ ಏಕಕೋಶ ಜೀವಿ ಅಥವಾ ವಿನೆಗರ್ ಈಲ್ ಎಂಬ ಸೂಕ್ಷ್ಮ ಹುಳು ಬೇಕು.

ಎಷ್ಟು ಹಾಕಬೇಕೆಂಬುದಕ್ಕೆ ಅಳತೆ ಮರಿಮೀನಿನ ಹೊಟ್ಟೆಯೇ. ಉಣಿಸಿದ ಕೆಲವೇ ನಿಮಿಷದಲ್ಲಿ ಪಾರದರ್ಶಕ ಮೈಯೊಳಗೆ ಹೊಟ್ಟೆ ಕಿತ್ತಳೆಯಾಗಿ ಉಬ್ಬಬೇಕು. ಸಿಹಿನೀರಿನಲ್ಲಿ ಆರ್ಟೀಮಿಯಾ ಕೆಲವು ಗಂಟೆ ಮಾತ್ರ ಬದುಕುತ್ತದೆ. ಉಳಿದದ್ದು ತಳದಲ್ಲಿ ಕೊಳೆತು ಅಮೋನಿಯಾ ಏರಿಸುತ್ತದೆ. ಹಾಗಾಗಿ ದಿನಕ್ಕೆ ಮೂರ್ನಾಲ್ಕು ಸಲ ಸ್ವಲ್ಪಸ್ವಲ್ಪವೇ ಹಾಕಿ, ಸಂಜೆ ತಳದ ಕೊಳೆಯನ್ನು ಕೊಳವೆಯಿಂದ ಹೀರಿ ತೆಗೆಯಿರಿ (ಸೈಫನ್).