ಬಂದೂಕು ನಿಷೇಧಕ್ಕೆ ಅಮೆರಿಕದ ಸಂವಿಧಾನ ಅಡ್ಡಿಯೇ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಶಾಲೆಗೆ ನುಗ್ಗಿ ಮಕ್ಕಳ ಮೇಲೆ ಗುಂಡು ಹಾರಿಸುವ ಘಟನೆಗಳು ಮತ್ತೆ ಮತ್ತೆ ನಡೆಯುತ್ತಿವೆ. ಆದರೂ ಅಸಾಲ್ಟ್ ರೈಫಲ್‌ಗಳನ್ನು ಅಲ್ಲಿನ ಸರ್ಕಾರ ಏಕೆ ನಿಷೇಧಿಸುವುದಿಲ್ಲ? ಸಂವಿಧಾನವೇ ಅಡ್ಡಿಯಂತೆ, ನಿಜವೇ?

ಇಂಥ ಸುದ್ದಿ ಬಂದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ. ಮಗನೋ ಮಗಳೋ ಅಲ್ಲಿರುವವರು ಕೇಳುತ್ತಾರೆ, ಯಾರೂ ಇಲ್ಲದವರೂ ಕೇಳುತ್ತಾರೆ. ಎಷ್ಟು ಸಲ ಉತ್ತರಿಸಿದರೂ ‘ಸಂವಿಧಾನ ಅಡ್ಡಿ’ ಎಂಬ ನಂಬಿಕೆ ಅಲುಗಾಡುವುದಿಲ್ಲ. ಹಾಗಾಗಿ ಈ ಬಾರಿ ಅದೊಂದನ್ನೇ ಹಿಡಿದು ಬಿಡಿಸಿ ಹೇಳುತ್ತೇನೆ. ದಯವಿಟ್ಟು ಪೂರ್ತಿ ಓದಿ.

ಅಮೆರಿಕ ಈ ಬಂದೂಕುಗಳನ್ನು ಒಮ್ಮೆ ನಿಷೇಧಿಸಿತ್ತು. 1994ರ ಮೇ ತಿಂಗಳಲ್ಲಿ ಕೆಳಮನೆ ಅದನ್ನು 216–214 ಮತಗಳಿಂದ, ಕೂದಲೆಳೆಯಷ್ಟು ಅಂತರದಲ್ಲಿ ಒಪ್ಪಿತು. ಮಾಜಿ ಅಧ್ಯಕ್ಷರಾದ ಫೋರ್ಡ್, ಕಾರ್ಟರ್, ರೇಗನ್ ಮೂವರೂ ಬೆಂಬಲಿಸಿ ಪತ್ರ ಬರೆದಿದ್ದರು. ಸೆಪ್ಟೆಂಬರ್ 13ರಂದು ಬಿಲ್ ಕ್ಲಿಂಟನ್ ಸಹಿ ಹಾಕಿದರು. 19 ಮಾದರಿಗಳನ್ನು ಹೆಸರಿಸಿ ನಿಷೇಧಿಸಿದ ಆ ಕಾಯ್ದೆ, ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜಿನ್‌ಗಳ, ಅಂದರೆ ಬಂದೂಕಿಗೆ ಸಿಕ್ಕಿಸುವ ಗುಂಡಿನ ಡಬ್ಬಿಗಳ, ಹೊಸ ತಯಾರಿಕೆಯನ್ನೂ ತಡೆಯಿತು. ತಯಾರಕರು ನ್ಯಾಯಾಲಯಕ್ಕೆ ಹೋದರು, ಸೋತರು. ಹತ್ತು ವರ್ಷ ಅದು ಇಡೀ ದೇಶದಲ್ಲಿ ಜಾರಿಯಲ್ಲಿತ್ತು.

ಹಾಗಿದ್ದರೆ ಅದು ಹೋದದ್ದು ಹೇಗೆ? ಕಾಯ್ದೆಯಲ್ಲೇ ಹತ್ತು ವರ್ಷದ ಅವಧಿ ಬರೆದಿತ್ತು, ಆ ಅವಧಿ ಮುಗಿಯಿತು. 2004ರ ಮಾರ್ಚ್‌ನಲ್ಲಿ ಮೇಲ್ಮನೆಯಾದ ಸೆನೆಟ್ 52–47 ಮತಗಳಿಂದ ವಿಸ್ತರಣೆಗೆ ಒಪ್ಪಿಗೆಯನ್ನೂ ಕೊಟ್ಟಿತ್ತು. ಆದರೆ ಆ ತಿದ್ದುಪಡಿಯನ್ನು ಸೇರಿಸಿದ್ದು ಬಂದೂಕು ತಯಾರಕರಿಗೆ ಮೊಕದ್ದಮೆಗಳಿಂದ ರಕ್ಷಣೆ ಕೊಡುವ ಇನ್ನೊಂದು ಮಸೂದೆಗೆ. ಆ ಮಸೂದೆಯೇ 8–90ರಿಂದ ಬಿದ್ದುಹೋಯಿತು. ಸೆಪ್ಟೆಂಬರ್ 13 ಬಂತು, ನಿಷೇಧ ತಾನಾಗಿ ಕೊನೆಗೊಂಡಿತು. ಅದನ್ನು ರದ್ದುಗೊಳಿಸಿ ಒಬ್ಬ ನ್ಯಾಯಾಧೀಶರೂ ತೀರ್ಪು ಬರೆಯಲಿಲ್ಲ.

ಇನ್ನು ಎಲ್ಲರೂ ಉಲ್ಲೇಖಿಸುವ, ಶಸ್ತ್ರ ಇಟ್ಟುಕೊಳ್ಳುವ ಹಕ್ಕಿನ ಮಾತಿರುವ ಸಂವಿಧಾನದ ಎರಡನೇ ತಿದ್ದುಪಡಿ. ಅದು 1791ರದು. ಆದರೆ ಬಂದೂಕು ಇಟ್ಟುಕೊಳ್ಳುವುದು ಪ್ರತಿ ವ್ಯಕ್ತಿಯ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದ್ದು 2008ರಲ್ಲಿ, ಹೆಲ್ಲರ್ ಪ್ರಕರಣದಲ್ಲಿ. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಸ್ಕಲಿಯಾ ಈ ಹಕ್ಕು ಮಿತಿಯಿಲ್ಲದ್ದಲ್ಲ ಎಂದೂ ಬರೆದಿದ್ದಾರೆ. ಟ್ರಿಗರ್ ಒತ್ತಿ ಹಿಡಿದರೆ ಗುಂಡಿನ ಮಳೆ ಸುರಿಸುವ ಮಷೀನ್ ಗನ್‌ಗಳ ಮೇಲೆ 1934ರಿಂದಲೇ ತೆರಿಗೆ ಮತ್ತು ನೋಂದಣಿಯ ಕಡಿವಾಣವಿದೆ. 1986ರ ಮೇ 19ರ ನಂತರ ತಯಾರಾದ ಮಷೀನ್ ಗನ್ ಅನ್ನು ಸಾಮಾನ್ಯ ನಾಗರಿಕರು ಕೊಳ್ಳುವಂತೆಯೇ ಇಲ್ಲ. ಇವೆಲ್ಲ ನಡೆಯುತ್ತಿರುವುದು ಅದೇ ಸಂವಿಧಾನದಡಿ. ಈಗಿನ ವಿವಾದ ಒಮ್ಮೆ ಟ್ರಿಗರ್ ಎಳೆದರೆ ಒಂದೇ ಗುಂಡು ಹಾರಿಸುವ, ಆದರೆ ಬೇಗ ಬೇಗ ಎಳೆಯಬಹುದಾದ ಎಆರ್-15ರಂಥ ಅರೆಸ್ವಯಂಚಾಲಿತ ರೈಫಲ್‌ಗಳದು.

ರಾಜ್ಯಗಳನ್ನು ನೋಡಿ. ಸ್ಟಾಕ್‌ಟನ್‌ನ ಶಾಲೆಯಲ್ಲಿ ಐದು ಮಕ್ಕಳು ಸತ್ತ ವರ್ಷವೇ, 1989ರಲ್ಲೇ, ಕ್ಯಾಲಿಫೋರ್ನಿಯಾ ಇವನ್ನು ನಿಷೇಧಿಸಿತು. ನ್ಯೂಜೆರ್ಸಿ, ಕನೆಕ್ಟಿಕಟ್, ನ್ಯೂಯಾರ್ಕ್, ಮೆಸಾಚುಸೆಟ್ಸ್, ಮೇರಿಲ್ಯಾಂಡ್, ಡೆಲವೇರ್, ಇಲಿನಾಯ್, ವಾಷಿಂಗ್ಟನ್ ರಾಜ್ಯಗಳಲ್ಲೂ ನಿಷೇಧವಿದೆ. ಟೆಕ್ಸಸ್‌ನ ಡಲ್ಲಾಸಿನ ಅಂಗಡಿಯಲ್ಲಿ ಸಿಗುವ ರೈಫಲ್ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಅಂಗಡಿಯಲ್ಲಿ ಸಿಗುವುದಿಲ್ಲ. ಎರಡೂ ಊರುಗಳಲ್ಲಿ ನಮ್ಮವರಿದ್ದಾರೆ, ಕೇಳಿ ನೋಡಿ.

ಸುಪ್ರೀಂ ಕೋರ್ಟಿನ 2022ರ ಬ್ರೂಯೆನ್ ತೀರ್ಪಿನ ನಂತರ ಕಾಲ ಬದಲಾಗಿದೆ ಎಂದು ಕೆಲವರು ವಾದಿಸುತ್ತಾರೆ. ಆ ಮಾತಿನಲ್ಲಿ ಹುರುಳಿದೆ, ಬಂದೂಕು ಕಾನೂನುಗಳನ್ನು ಅಳೆಯುವ ಮಾನದಂಡ ಬಿಗಿಯಾಗಿದೆ. ಆದರೂ ಮೇರಿಲ್ಯಾಂಡಿನ ನಿಷೇಧವನ್ನು 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಆ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಈ ಪ್ರಶ್ನೆಯನ್ನು ಶೀಘ್ರದಲ್ಲೇ ಇತ್ಯರ್ಥಪಡಿಸಬೇಕು ಎಂದು ನ್ಯಾಯಮೂರ್ತಿ ಕ್ಯಾವನಾ ಆಗ ಬರೆದರು. ಮುಂದೆ ತೀರ್ಪು ಯಾವ ಕಡೆಗೂ ವಾಲಬಹುದು. ಆದರೆ ಮುಂದೊಂದು ದಿನ ಬರಬಹುದಾದ ತೀರ್ಪು 2004ರಿಂದ ಇಲ್ಲಿಯವರೆಗಿನ ನಿಷ್ಕ್ರಿಯತೆಗೆ ಕಾರಣವಾಗುವುದು ಹೇಗೆ?

ನಿಜವಾದ ಅಡ್ಡಿ ಸೆನೆಟ್‌ನಲ್ಲಿದೆ. ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, ಆರು ಮಂದಿ ಹಿರಿಯರು ಹತರಾದ ನಾಲ್ಕು ತಿಂಗಳಿಗೆ, 2013ರ ಏಪ್ರಿಲ್‌ನಲ್ಲಿ, ನಿಷೇಧದ ಪ್ರಸ್ತಾವ ಅಲ್ಲಿ 40–60ರಿಂದ ಸೋತಿತು. ಉವಾಲ್ಡೆಯ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತ ಮೇಲೆ, 2022ರ ಜುಲೈನಲ್ಲಿ, ಕೆಳಮನೆ 217–213ರಿಂದ ನಿಷೇಧವನ್ನು ಅಂಗೀಕರಿಸಿತು. ಸೆನೆಟ್‌ನಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಲೇ ನೂರರಲ್ಲಿ ಅರವತ್ತು ಮತ ಬೇಕು. ಅಷ್ಟು ಇರಲಿಲ್ಲ. ಜನಸಂಖ್ಯೆ ಎಷ್ಟೇ ಇರಲಿ, ಪ್ರತಿ ರಾಜ್ಯಕ್ಕೂ ಇಬ್ಬರೇ ಸೆನೆಟರ್‌ಗಳು ಎಂಬುದು ಇನ್ನೊಂದು ತೊಡಕು. ‘ಸಂವಿಧಾನ ಅಡ್ಡಿ’ ಎಂದ ಕೂಡಲೇ ವಿರುದ್ಧ ಮತ ಹಾಕಿದವರೆಲ್ಲ ಹೊಣೆಯಿಂದ ಪಾರಾಗುತ್ತಾರೆ. ನನಗೆ ಈ ತಪ್ಪುಕಲ್ಪನೆಯ ಮೇಲೆ ಇಷ್ಟು ಕೋಪವಿರುವುದು ಇದೇ ಕಾರಣಕ್ಕೆ.

ವಿರೋಧಿಗಳ ವಾದದಲ್ಲೂ ಸತ್ಯವಿದೆ. ಮಡಚುವ ಹಿಡಿ, ಬಯೊನೆಟ್ (ಬಂದೂಕಿನ ತುದಿಯ ಚೂರಿ) ಸಿಕ್ಕಿಸುವ ಜಾಗ ಮುಂತಾದ ಹೊರಲಕ್ಷಣಗಳನ್ನು ಎಣಿಸಿ ಬಂದೂಕುಗಳನ್ನು ಗುರುತಿಸುತ್ತಿದ್ದುದು 1994ರ ಕಾಯ್ದೆಯ ದೌರ್ಬಲ್ಯ. ತಯಾರಕರು ಅವನ್ನು ಕಳಚಿ, ಒಳಗೆ ಅದೇ ಯಂತ್ರವಿರುವ ಬಂದೂಕನ್ನು ಮಾರಿದರು. ಅಮೆರಿಕದ ಕೊಲೆಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಕೈಬಂದೂಕು, ರೈಫಲ್ ಅಲ್ಲ ಎಂಬುದೂ ನಿಜ. ನನ್ನ ಮಟ್ಟಿಗೆ, ಆ ಕಾಯ್ದೆಯ ಮುಖ್ಯ ಭಾಗ ಮ್ಯಾಗಜಿನ್ ಮಿತಿ. ಗುಂಡು ಮುಗಿದು ಹೊಸ ಮ್ಯಾಗಜಿನ್ ಹಾಕುವ ಆ ಕೆಲವು ಕ್ಷಣಗಳಲ್ಲಿ ತರಗತಿಯ ಮಕ್ಕಳು ಓಡಿ ಉಳಿಯಬಹುದು.

ಯಾರೂ ಕೇಳದ, ಆದರೆ ಅಲ್ಲಿ ಮಕ್ಕಳಿರುವ ಪ್ರತಿಯೊಬ್ಬರೂ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಅಲ್ಲಿ ಕೆಲಸಕ್ಕೋ ಓದಿಗೋ ಹೋದ ನಮ್ಮವರು ಬಂದೂಕು ಮುಟ್ಟಬಹುದೇ? ಎಚ್-1ಬಿ, ಎಚ್-4, ಎಫ್-1ರಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದು ಕೇಂದ್ರ ಕಾನೂನಿನಡಿ ಅಪರಾಧ, ಹದಿನೈದು ವರ್ಷದವರೆಗೆ ಜೈಲು. ವಾರಾಂತ್ಯದಲ್ಲಿ ಸ್ನೇಹಿತರ ಜೊತೆ ಶೂಟಿಂಗ್ ರೇಂಜ್‌ಗೆ ಹೋಗಿ ಬಾಡಿಗೆ ಬಂದೂಕನ್ನು ಕೈಯಲ್ಲಿ ಹಿಡಿದರೂ ಅದು ಹೊಂದಿದಂತೆಯೇ. ವಿನಾಯಿತಿಗಳು ಕೆಲವೇ; ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಅವುಗಳಲ್ಲಿ ಮುಖ್ಯವಾದದ್ದು. ಗ್ರೀನ್ ಕಾರ್ಡ್ ಇರುವವರಿಗೆ ಈ ನಿರ್ಬಂಧವಿಲ್ಲ. ಆದರೆ ಬಂದೂಕಿಗೆ ಸಂಬಂಧಿಸಿದ ಅಪರಾಧದಲ್ಲಿ ಶಿಕ್ಷೆಯಾದರೆ ಅವರನ್ನೂ ಗಡೀಪಾರು ಮಾಡಬಹುದು. ರೇಂಜ್‌ನಲ್ಲಿ ಬಂದೂಕು ಹಿಡಿದ ಫೋಟೊವನ್ನು ಮಗ ಕಳಿಸಿದರೆ, ಮೊದಲು ಅವನ ವೀಸಾ ಯಾವುದೆಂದು ಕೇಳಿ.