ಕಂಡೀಷನಲ್ ಫಾರ್ಮ್ಯಾಟಿಂಗ್: ಬಣ್ಣ ಲೆಕ್ಕದಿಂದಲೇ ಬರಲಿ

ಎಕ್ಸೆಲ್ ಹಾಳೆಯಲ್ಲಿ ಖಾನೆಗೆ ಬಣ್ಣ ಬರಿಸಲು ಎರಡು ದಾರಿಗಳಿವೆ. ಬಕೆಟ್ ಗುರುತು ಒತ್ತಿ ನಾವೇ ಬಳಿಯುವುದು ಒಂದು. "ಅಂಕಿ ಇಷ್ಟು ದಾಟಿದರೆ ಕೆಂಪಾಗಲಿ" ಎಂದು ನಿಯಮ ಬರೆದಿಟ್ಟು, ಬಳಿಯುವ ಕೆಲಸವನ್ನು ಹಾಳೆಗೇ ಬಿಡುವುದು ಇನ್ನೊಂದು. ಈ ಎರಡನೆಯದೇ ಕಂಡೀಷನಲ್ ಫಾರ್ಮ್ಯಾಟಿಂಗ್. ಎಕ್ಸೆಲ್ 97ರಲ್ಲಿ ಇದು ಬಂದಾಗ ಒಂದು ಖಾನೆಗೆ ಮೂರೇ ಷರತ್ತು ಹಾಕಬಹುದಿತ್ತು. 2007ರ ಆವೃತ್ತಿಯಲ್ಲಿ ಆ ಮಿತಿ ಹೋಯಿತು. ಗೂಗಲ್ ಶೀಟ್ಸ್, ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲೂ ಇದೇ ಸೌಲಭ್ಯ ಇದೆ.

ಕೋಲಾರದ ಎಪಿಎಂಸಿ ಯಾರ್ಡಿನ ಟೊಮೆಟೊ ಮಂಡಿಯೊಂದರ ಲೆಕ್ಕ ತೆಗೆದುಕೊಳ್ಳೋಣ. ಅಲ್ಲಿ ಹರಾಜು ನಡೆಯುವುದು 15 ಕೆ.ಜಿ. ಬಾಕ್ಸಿನ ಮೇಲೆ. ತಾರೀಖು, ವ್ಯಾಪಾರಿ, ಬಾಕ್ಸು, ರೇಟು, ಒಟ್ಟು, ಬಂದದ್ದು, ಬಾಕಿ ಎಂದು ಏಳು ಕಾಲಂ. ಬಾಕಿ ಇರುವ ಸಾಲಿಗೆ ಗುಮಾಸ್ತರು ಕೈಯಾರೆ ಕೆಂಪು ಬಳಿದರೆ, ದುಡ್ಡು ಬಂದ ದಿನ ಅದನ್ನು ತೆಗೆಯುವುದೂ ಅವರ ನೆನಪಿಗೇ ಬಿಟ್ಟದ್ದು. ಸೀಸನ್ನಿನಲ್ಲಿ ಯಾರಿಗೆ ಆ ಪುರುಸೊತ್ತು? ಕೊಟ್ಟವನ ಹೆಸರು ಕೆಂಪಿನಲ್ಲೇ ಉಳಿಯುತ್ತದೆ. ಕೆಂಪು ಸಾಲುಗಳ ಮೊತ್ತ ಬೇಕೆಂದರೆ ಕೂಡುವ ಸಮ್ ಸೂತ್ರಕ್ಕೆ ಬಣ್ಣ ಕಾಣುವುದಿಲ್ಲ. ಬಣ್ಣ ನೋಡಿ ಫಿಲ್ಟರ್ ಮಾಡಬಹುದು, ನಿಜ. ಆದರೆ ಅದೇ ಹಾಳೆಯನ್ನು ಅಕ್ಷರ, ಅಂಕಿ ಮಾತ್ರ ಉಳಿಸುವ ಫೈಲಾದ ಸಿಎಸ್‌ವಿ ಮಾಡಿ ಆಡಿಟರಿಗೆ ಕಳಿಸಿದರೆ ಬಣ್ಣವೆಲ್ಲ ಅಳಿಸಿಹೋಗುತ್ತದೆ, ಬಣ್ಣದಲ್ಲಷ್ಟೇ ಇದ್ದ ಮಾಹಿತಿಯೂ ಹೋಗುತ್ತದೆ.

ನಿಯಮ ಬರೆಯುವುದು ಕಷ್ಟವಲ್ಲ. ಬಾಕಿ ಇರುವುದು ಜಿ ಕಾಲಂನಲ್ಲಿ ಎನ್ನಿ. ಎರಡನೆಯ ಸಾಲಿನಿಂದ ಕೆಳಗಿನ ಎಲ್ಲ ಸಾಲುಗಳನ್ನೂ ಆರಿಸಿಕೊಂಡು, ಹೋಮ್ ಟ್ಯಾಬಿನ ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ನ್ಯೂ ರೂಲ್ ತೆರೆದು, ಜಿ2 ಸೊನ್ನೆಗಿಂತ ಹೆಚ್ಚು ಎಂಬ ಸೂತ್ರ (=$G2>0) ಕೊಟ್ಟು, ಕೆಂಪು ಬಣ್ಣ ಆರಿಸಬೇಕು. ಜಿ ಅಕ್ಷರದ ಮುಂದೆ ಡಾಲರ್ ಗುರುತು ಬೇಕೇ ಬೇಕು. 2ರ ಮುಂದೆ ಇರಬಾರದು. ಆಗ ಸಾಲಿನ ಪ್ರತಿ ಖಾನೆಯೂ ತನ್ನ ಸಾಲಿನ ಬಾಕಿಯನ್ನೇ ನೋಡಿ ಬಣ್ಣ ತಾಳುತ್ತದೆ. ಇವತ್ತಿನ ತಾರೀಖು ಕೊಡುವ ಟುಡೇ ಸೂತ್ರ ಸೇರಿಸಿ "15 ದಿನ ದಾಟಿದ ಬಾಕಿ ಮಾತ್ರ" ಎಂದರೆ ಇನ್ನೂ ಒಳ್ಳೆಯದು. ದಿನ ಉರುಳಿದಂತೆ ಸಾಲುಗಳು ತಾವಾಗಿ ಕೆಂಪಾಗುತ್ತವೆ, ಜಮಾ ಬರೆದ ಕೂಡಲೇ ಕೆಂಪು ಹೋಗುತ್ತದೆ. ಮಂಡಿ ಲೆಕ್ಕಕ್ಕೆ ಇದಕ್ಕಿಂತ ಉಪಯೋಗದ ನಿಯಮ ನನಗೆ ಬೇರೆ ಕಾಣದು.

ಒಂದು ಎಚ್ಚರ ಇರಲಿ. ಬಾಕಿ ಖಾನೆಯಲ್ಲಿ ಸೊನ್ನೆಯ ಬದಲು "ಚುಕ್ತಾ" ಎಂದು ಬರೆದರೆ ಆ ಸಾಲೂ ಕೆಂಪಾಗುತ್ತದೆ! ಹೋಲಿಸುವಾಗ ಎಕ್ಸೆಲ್ ಯಾವುದೇ ಪದವನ್ನು ಎಲ್ಲ ಅಂಕಿಗಳಿಗಿಂತ ದೊಡ್ಡದೆಂದೇ ಎಣಿಸುತ್ತದೆ. ಅಂಕಿಯ ಕಾಲಂನಲ್ಲಿ ಅಂಕಿ ಮಾತ್ರ ಇರಲಿ, ಷರಾಕ್ಕೆ ಬೇರೆ ಕಾಲಂ ಮಾಡಿ.

ಬಣ್ಣ ಎರಡೋ ಮೂರೋ ಸಾಕು. ಕೆಂಪು, ಹಸಿರು ಬೇರೆಬೇರೆಯಾಗಿ ಕಾಣದವರೂ ಇದ್ದಾರೆ. ಕಪ್ಪುಬಿಳುಪು ಜೆರಾಕ್ಸಿನಲ್ಲಿ ಎರಡೂ ಒಂದೇ ಬೂದು. ಹಾಗಾಗಿ "ಬಾಕಿ", "ಚುಕ್ತಾ" ಎಂದು ತೋರಿಸುವ ಸ್ಥಿತಿ ಕಾಲಂ ಒಂದನ್ನು, ಷರತ್ತು ನೋಡಿ ಉತ್ತರ ಕೊಡುವ ಇಫ್ ಸೂತ್ರದಿಂದ ಮಾಡಿಟ್ಟುಕೊಂಡರೆ ಬಣ್ಣ ಕಾಣದ ಕಡೆಯೂ ಲೆಕ್ಕ ಓದಬಹುದು, ಸಿಎಸ್‌ವಿಯಲ್ಲೂ ಅದು ಉಳಿಯುತ್ತದೆ.